ಮೊದಲು ನೀರು, ಆಮೇಲೆ ಗಿಡ, ಕೊನೆಗೆ ಮೀನು

ಹೊಸದಾಗಿ ಅಕ್ವೇರಿಯಂ ಇಡಲು ಹೊರಟವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ಯಾವ ಮೀನು ತರಲಿ? ಅದು ಸಹಜವಾದ ಪ್ರಶ್ನೆಯೇ. ಮೀನಿನ ಮೇಲಿನ ಆಸೆಯಿಂದಲೇ ಅಲ್ಲವೇ ಯಾರಾದರೂ ಗಾಜಿನ ತೊಟ್ಟಿಯೊಂದನ್ನು ಮನೆಯೊಳಗೆ ತಂದು ಕೂರಿಸುವುದು! ಆದರೆ ಬಹಳ ಕಾಲದಿಂದ ಈ ಹವ್ಯಾಸವನ್ನು ಅಂಟಿಸಿಕೊಂಡಿರುವ ನನಗೆ, ಆ ಪ್ರಶ್ನೆ ಮೂರನೆಯದಾಗಿ ಬರಬೇಕಾದದ್ದು ಎಂದು ತೋರುತ್ತದೆ. ನಮಗೆ ಸಿಗುವ ನೀರು ಎಂಥದ್ದು ಎಂಬುದು ಮೊದಲನೆಯದು. ಆ ನೀರಿನಲ್ಲಿ, ನಾವು ಕೊಡಬಲ್ಲ ಬೆಳಕಿನಲ್ಲಿ, ಯಾವ ಗಿಡಗಳು ಬೇರೂರಿ ಬೆಳೆಯುತ್ತವೆ ಎಂಬುದು ಎರಡನೆಯದು. ಇವೆರಡಕ್ಕೆ ಉತ್ತರ ಸಿಕ್ಕಿತೆಂದರೆ ಮೀನಿನ ಪಟ್ಟಿ ತಾನಾಗಿಯೇ ಅರ್ಧಕ್ಕಿಂತ ಕಿರಿದಾಗುತ್ತದೆ, ಉಳಿದುದರಲ್ಲಿ ಆರಿಸುವ ಕೆಲಸ ಹಗುರವಾಗುತ್ತದೆ.

ಮಧ್ಯಮ ಗಾತ್ರವೆಂದು ನಾನಿಲ್ಲಿ ಹೇಳುತ್ತಿರುವುದು ಸುಮಾರು 100ರಿಂದ 200 ಲೀಟರಿನವರೆಗಿನ ಸಿಹಿನೀರಿನ ತೊಟ್ಟಿಗಳನ್ನು. ಈ ಗಾತ್ರದ ಆಮಿಷ ವಿಚಿತ್ರವಾದದ್ದು. ಚಿಕ್ಕ ತೊಟ್ಟಿಯ ಮುಂದೆ ನಿಂತವರಿಗೆ ಇದರಲ್ಲಿ ಹೆಚ್ಚೇನೂ ಹಿಡಿಯದು ಎಂಬುದು ಕಣ್ಣಿಗೇ ಕಾಣುತ್ತದೆ. ತೀರಾ ದೊಡ್ಡದನ್ನು ಕೊಳ್ಳುವವರು ಸಾಮಾನ್ಯವಾಗಿ ಪಳಗಿದವರೇ ಆಗಿರುತ್ತಾರೆ. ನಡುವಿನದು ಮಾತ್ರ, ಎಲ್ಲದಕ್ಕೂ ಇಲ್ಲಿ ಜಾಗವಿದೆ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಅಲ್ಲೊಂದು ಜೋಡಿ ಏಂಜಲ್, ಇಲ್ಲಿ ನಾಲ್ಕು ನಿಯಾನ್, ಪಾಚಿ ತಿನ್ನಲೊಂದು ಪ್ಲೆಕೊ, ಬಣ್ಣಕ್ಕೊಂದಿಷ್ಟು ಗಪ್ಪಿ ಎಂದು ತುಂಬುತ್ತಾ ಹೋದರೆ, ಆರು ತಿಂಗಳಲ್ಲಿ ಅದು ಯಾವ ಮೀನಿಗೂ ಒಗ್ಗದ ಜಾಗವಾಗಿರುತ್ತದೆ. ಮಧ್ಯಮ ತೊಟ್ಟಿ ಒಂದು ಸಂಗತಿಯನ್ನು ಪೂರ್ಣವಾಗಿ ನಡೆಸಲು ಸಾಕು, ನಾಲ್ಕನ್ನು ಒಟ್ಟಿಗೆ ನಡೆಸಲು ಸಾಲದು. ಇಲ್ಲಿ ಆಯ್ಕೆ ಎಂದರೆ ಬಹುಪಾಲು ಕೈಬಿಡುವ ಕೆಲಸವೇ.

ಲೆಕ್ಕವನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳೋಣ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿಯ ಗಾತ್ರ 182 ಲೀಟರ್. ತಳದಲ್ಲಿ ಆರು ಸೆಂಟಿಮೀಟರ್ ಮರಳು ಹರಡಿ, ಮೇಲೆ ನಾಲ್ಕು ಸೆಂಟಿಮೀಟರ್ ಖಾಲಿ ಬಿಟ್ಟು, ಕಲ್ಲು ಮತ್ತು ಮರದ ಕೊರಡನ್ನೂ ಇಟ್ಟ ಮೇಲೆ ನಿಜವಾಗಿ ಉಳಿಯುವ ನೀರು 140 ಲೀಟರಿನ ಆಸುಪಾಸು. ಔಷಧಿಯ ಪ್ರಮಾಣವನ್ನಾಗಲಿ ಮೀನಿನ ಸಂಖ್ಯೆಯನ್ನಾಗಲಿ ಲೆಕ್ಕ ಹಾಕಬೇಕಾದದ್ದು ಈ ಎರಡನೆಯ ಅಂಕಿಯ ಮೇಲೆ. ಹಾಗೆಯೇ, ನೀರು, ಗಾಜು, ಮರಳು ಎಲ್ಲ ಸೇರಿ ತೂಕ 200 ಕಿಲೋ ದಾಟುವುದರಿಂದ, ಅದನ್ನು ಹೊರುವ ಸ್ಟ್ಯಾಂಡ್ ಮತ್ತು ನೆಲ ಎರಡನ್ನೂ ಮೊದಲೇ ನೋಡಿಕೊಂಡಿರಬೇಕು.

ತೊಟ್ಟಿಯ ಆಕಾರವೂ ಮೀನಿನ ಆಯ್ಕೆಯ ಭಾಗವೇ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಇಷ್ಟೇ ನೀರು ಹಿಡಿಯುವ, 60 ಸೆಂಟಿಮೀಟರ್ ಉದ್ದ, 45 ಅಗಲ, 67 ಎತ್ತರದ ತೊಟ್ಟಿಯೊಂದು ಅಂಗಡಿಯಲ್ಲಿ ಬಹಳ ಗಂಭೀರವಾಗಿ ಕಾಣುತ್ತದೆ. ಆದರೆ ಮೊದಲನೆಯದರ ನೀರಿನ ಮೇಲ್ಮೈ 4,050 ಚದರ ಸೆಂಟಿಮೀಟರ್, ಎರಡನೆಯದರದ್ದು 2,700. ಆಮ್ಲಜನಕ ನೀರಿಗೆ ಇಳಿಯುವುದೂ ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ಈ ಮೇಲ್ಮೈಯ ಮೂಲಕವೇ. ಗುಂಪಿನಲ್ಲಿ ಈಜುವ ಮೀನಿಗೆ ಬೇಕಾದದ್ದು ಉದ್ದ. ಎತ್ತರವನ್ನು ಅದು ಬಳಸುವುದೇ ಕಡಿಮೆ. ಆಳ ಹೆಚ್ಚಿದಷ್ಟೂ ತಳದ ಗಿಡಗಳಿಗೆ ಬೆಳಕು ಕಡಿಮೆಯಾಗುತ್ತದೆ, ಬುಡಕ್ಕೆ ಕೈ ತಲುಪಿಸಿ ಗಿಡ ನೆಡುವುದೂ ಕಷ್ಟವಾಗುತ್ತದೆ. ಆದ್ದರಿಂದ ಉದ್ದದ ತೊಟ್ಟಿಯ ಪರವಾಗಿ ನಾನು ಯಾವ ಸಂಕೋಚವೂ ಇಲ್ಲದೆ ವಾದಿಸುತ್ತೇನೆ.

ಇನ್ನು ನೀರು. ಹೊಸಬರಲ್ಲಿ ಹೆಚ್ಚಿನವರು ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಪಿಎಚ್ ಅಂಕಿಯ ಬೆನ್ನು ಹತ್ತುತ್ತಾರೆ. ನಾನು ಮೊದಲು ನೋಡುವುದು ಗಡಸುತನವನ್ನು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣ ಒಂದು ಬಗೆಯ ಗಡಸುತನವಾದರೆ, ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್‌ಗಳ ಪ್ರಮಾಣ ಇನ್ನೊಂದು ಬಗೆಯದು. ಪಿಎಚ್ ಏರಿಳಿತವನ್ನು ತಡೆದು ಹಿಡಿಯುವುದು ಈ ಎರಡನೆಯದು. ಅದು ಹೆಚ್ಚಿರುವ ನೀರಿಗೆ ಪಿಎಚ್ ಇಳಿಸುವ ದ್ರಾವಣವನ್ನು ಸುರಿದರೆ ಅಂಕಿ ಸಂಜೆಗೆ ಇಳಿದು, ಮರುದಿನ ಮತ್ತೆ ಮೊದಲಿನ ಜಾಗಕ್ಕೇ ಏರಿರುತ್ತದೆ. ಈ ಹಗ್ಗಜಗ್ಗಾಟ ಮೀನಿಗೆ ಮಾಡುವ ಹಾನಿ, ಪುಸ್ತಕದ ಅಂಕಿಗಿಂತ ತುಸು ಆಚೀಚೆ ಇದ್ದರೂ ಸ್ಥಿರವಾಗಿರುವ ನೀರು ಮಾಡುವ ಹಾನಿಗಿಂತ ಬಹಳ ಹೆಚ್ಚು. ನೀರನ್ನು ಮೀನಿಗೆ ಬಗ್ಗಿಸುವ ಬದಲು, ನೀರಿಗೆ ತಕ್ಕ ಮೀನನ್ನು ಹುಡುಕುವುದು ವಿವೇಕದ ದಾರಿ.

ಗಡಸು ನೀರು ಸಿಕ್ಕಿತೆಂದು ಪೇಚಾಡಬೇಕಾಗಿಲ್ಲ. ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳಂಥ ಮರಿ ಹಾಕುವ ಮೀನುಗಳು ಅಂಥ ನೀರಿನಲ್ಲೇ ಗಟ್ಟಿಮುಟ್ಟಾಗಿ ಬಾಳುತ್ತವೆ; ಮಾಲಿಯಂತೂ ಸ್ವಲ್ಪ ಉಪ್ಪಿನ ನೀರಿಗೂ ಹೊಂದಿಕೊಳ್ಳುತ್ತದೆ. ಮೃದು ನೀರು ಸಿಗುವವರಿಗೆ ದಕ್ಷಿಣ ಅಮೆರಿಕದ ಟೆಟ್ರಾಗಳು ಮತ್ತು ಆಗ್ನೇಯ ಏಷ್ಯಾದ ರಾಸ್ಬೋರಗಳು ತೆರೆದ ಬಾಗಿಲು. ಸಾಕಣೆ ಕೇಂದ್ರಗಳಲ್ಲಿ ಹಲವು ತಲೆಮಾರು ಬೆಳೆದ ಮೀನುಗಳು ಈ ಗಡಿಗಳನ್ನು ಸಾಕಷ್ಟು ಸಡಿಲಿಸಿವೆ ಎಂಬುದು ನಿಜ. ಆದರೆ ತೀರಾ ಗಡಸು ನೀರಿನಲ್ಲಿ ಕಾರ್ಡಿನಲ್ ಟೆಟ್ರಾ, ತೀರಾ ಮೃದು ನೀರಿನಲ್ಲಿ ಮಾಲಿ, ಎರಡೂ ಬದುಕನ್ನು ಹೇಗೋ ತಳ್ಳುತ್ತವೆಯೇ ಹೊರತು ಅರಳುವುದಿಲ್ಲ. ನಲ್ಲಿಯ ನೀರಾದರೆ ಇನ್ನೊಂದು ಎಚ್ಚರ ಬೇಕು. ಬರಿಯ ಕ್ಲೋರಿನ್ ಆಗಿದ್ದರೆ ಒಂದು ದಿನ ಗಾಳಿಯಾಡಿಸಿ ಇಟ್ಟರೆ ಹಾರಿಹೋಗುತ್ತದೆ, ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮೈನ್ ಹಾಗಲ್ಲ. ಅದನ್ನು ನೀರು ಹದಮಾಡುವ ಕಂಡಿಷನರ್ ದ್ರಾವಣ ಬಳಸಿಯೇ ಮುರಿಯಬೇಕು, ಮುರಿದಾಗ ಮೀನಿಗೆ ವಿಷವಾದ ಅಮೋನಿಯಾ ಸ್ವಲ್ಪ ಉಳಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಉಷ್ಣತೆಯ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ತೊಟ್ಟಿಯ ಎಲ್ಲ ಮೀನುಗಳಿಗೂ ಒಪ್ಪುವ ಒಂದು ಸಾಮಾನ್ಯ ವ್ಯಾಪ್ತಿ ಇರಲೇಬೇಕು. ತಂಪು ನೀರು ಬಯಸುವ ಗೋಲ್ಡ್‌ಫಿಶ್ ಮತ್ತು 28 ಡಿಗ್ರಿಗಿಂತ ಕೆಳಗೆ ಮಂಕಾಗುವ ಡಿಸ್ಕಸ್ ಒಂದೇ ಸೂರಿನಡಿ ಬಾಳಲಾರವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವೂ ಇಳಿಯುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ ಹಿಡಿಯುತ್ತದೆ. ಬಿಸಿಯಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕವಾದರೋ ಹೆಚ್ಚು. ಬೇಸಿಗೆಯಲ್ಲಿ ನೀರು ಕಾಯುವ ಕಡೆಗಳಲ್ಲಿ ಮೀನಿನ ಸಂಖ್ಯೆಯನ್ನು ಮೊದಲೇ ಕಡಿಮೆ ಇಡಬೇಕು ಎನ್ನುವುದು ಇದಕ್ಕೇ.

ಗಿಡಗಳ ಬಗ್ಗೆ ಬರೆಯುವಾಗ ನನಗೆ ಯಾವಾಗಲೂ ರಾಬರ್ಟ್ ವಾರಿಂಗ್‌ಟನ್ ನೆನಪಾಗುತ್ತಾನೆ. ಇಂಗ್ಲೆಂಡಿನ ಈ ರಸಾಯನಶಾಸ್ತ್ರಜ್ಞ 1850ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದೆ ಒಂದು ಪ್ರಯೋಗವನ್ನು ವಿವರಿಸಿದ. ಗಾಜಿನ ಪಾತ್ರೆಯೊಂದರಲ್ಲಿ ಮರಳು, ಮಣ್ಣು, ಕಲ್ಲು ಹಾಕಿ, ವ್ಯಾಲಿಸ್ನೇರಿಯ ಗಿಡ ನೆಟ್ಟು, ಎರಡು ಗೋಲ್ಡ್‌ಫಿಶ್ ಬಿಟ್ಟಿದ್ದ. ಎಲ್ಲವೂ ಸರಿಯಾಗಿ ನಡೆಯಿತು, ಆದರೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. ಆ ಪಾತ್ರೆಯಲ್ಲಿ ಗಿಡ ಅಲಂಕಾರಕ್ಕಿರಲಿಲ್ಲ, ಕೆಲಸಕ್ಕಿತ್ತು. ಇಂದಿನ ಎಷ್ಟೋ ತೊಟ್ಟಿಗಳಲ್ಲಿ ಮೀನಿನ ಹಿಂದಿನ ಪರದೆಯಂತೆ ನಾಲ್ಕು ಗಿಡ ಚುಚ್ಚಿರುವುದನ್ನು ಕಂಡಾಗ, ವಾರಿಂಗ್‌ಟನ್ನನ ಲೆಕ್ಕಾಚಾರವೇ ಇನ್ನೂ ಸರಿಯಾದದ್ದು ಎನಿಸುತ್ತದೆ. ಒಂದು ತಿದ್ದುಪಡಿ ಮಾತ್ರ ಬೇಕು. ಗಿಡದ ಉಪಕಾರವೆಂದರೆ ಆಮ್ಲಜನಕ ಎಂದು ಅಂದಿನವರು ತಿಳಿದಿದ್ದರು. ಅದು ಹಗಲಿನ ಮಾತು, ರಾತ್ರಿ ಗಿಡವೂ ಮೀನಿನಂತೆಯೇ ಉಸಿರಾಡಿ ಆಮ್ಲಜನಕವನ್ನು ಬಳಸುತ್ತದೆ. ಅದಕ್ಕಿಂತ ದೊಡ್ಡ ಉಪಕಾರವೆಂದರೆ, ಮೀನು ಹೊರಹಾಕುವ ಅಮೋನಿಯಾವನ್ನು ಬೆಳೆಯುತ್ತಿರುವ ಗಿಡ ತನ್ನ ಗೊಬ್ಬರವಾಗಿ ನೇರವಾಗಿ ಹೀರಿಕೊಳ್ಳುವುದು.

ಹಾಗಾದರೆ ಆರಿಸಬೇಕಾದದ್ದು ಬೆಳೆಯುವ ಗಿಡಗಳನ್ನು, ಅದರಲ್ಲೂ ಬೇಗ ಬೆಳೆಯುವವನ್ನು. ವ್ಯಾಲಿಸ್ನೇರಿಯ ನನ್ನ ಮೊದಲ ಆಯ್ಕೆ. ರಿಬ್ಬನ್ನಿನಂಥ ಉದ್ದನೆಯ ಎಲೆಗಳ ಈ ಗಿಡ ಗಡಸು ನೀರಿನಲ್ಲೂ ಹಿಂಜರಿಯುವುದಿಲ್ಲ; ಮರಳಿನಡಿಯಲ್ಲಿ ಬಳ್ಳಿ ಚಾಚಿ ಒಂದರ ಪಕ್ಕ ಒಂದು ಮರಿಗಿಡ ಹುಟ್ಟಿಸುತ್ತಾ ಹಿಂಬದಿಯ ಗೋಡೆಯನ್ನೆಲ್ಲ ಮುಚ್ಚುತ್ತದೆ. ಅದು ಹೂ ಬಿಡುವ ಪರಿಯನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಹೆಣ್ಣುಗಿಡದ ಬುಡದಿಂದ ನೂಲಿನಷ್ಟು ತೆಳ್ಳಗಿನ ತೊಟ್ಟೊಂದು ನೀರಿನ ಮೇಲ್ಮೈವರೆಗೂ ಬೆಳೆದು, ತುದಿಯ ಪುಟ್ಟ ಹೂವು ನೀರಿನ ಮೇಲೆ ಸಣ್ಣದೊಂದು ಕುಳಿ ಮಾಡಿಕೊಂಡು ಕೂರುತ್ತದೆ. ಗಂಡುಗಿಡದ ಹೂಗಳು ಬುಡದಲ್ಲೇ ಕಳಚಿಕೊಂಡು, ಧೂಳಿನ ಕಣದಷ್ಟು ಚಿಕ್ಕವಾಗಿ ಮೇಲೇರಿ, ಅಲ್ಲಿ ಅರಳಿ, ತೇಲುತ್ತಾ ಬಂದು ಆ ಕುಳಿಯೊಳಗೆ ಜಾರುತ್ತವೆ. ಪರಾಗಸ್ಪರ್ಶ ಮುಗಿದ ಮೇಲೆ ಹೆಣ್ಣು ಹೂವಿನ ತೊಟ್ಟು ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡು ಕಾಯಿಯನ್ನು ತಳಕ್ಕೆ ಎಳೆದುಕೊಳ್ಳುತ್ತದೆ. ಗಂಡು ಹೆಣ್ಣು ಬೇರೆ ಬೇರೆ ಗಿಡಗಳಾದ್ದರಿಂದ, ಒಂದೇ ಗಿಡದಿಂದ ಹಬ್ಬಿದ ತೊಟ್ಟಿಯಲ್ಲಿ ಇದರ ಅರ್ಧ ಭಾಗ ಮಾತ್ರ ಕಾಣಸಿಗುತ್ತದೆ.

ಇದರ ಜೊತೆಗೆ ಹೈಗ್ರೋಫಿಲ, ರೋಟಾಲದಂಥ ಕಾಂಡದ ಗಿಡಗಳು, ಬೇರೇ ಇಲ್ಲದೆ ತೇಲಿಕೊಂಡು ಬೆಳೆಯುವ ಹಾರ್ನ್‌ವರ್ಟ್, ಇವು ಮೊದಲ ತಿಂಗಳುಗಳ ದುಡಿಮೆಗಾರರು. ಅನೂಬಿಯಸ್ ಮತ್ತು ಜಾವಾ ಫರ್ನ್ ನಿಧಾನಿಗಳು, ಆದರೆ ಕಡಿಮೆ ಬೆಳಕಿನಲ್ಲೂ ಬದುಕುತ್ತವೆ. ಅವುಗಳ ದಪ್ಪ ಅಡ್ಡಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ, ಕಲ್ಲಿಗೋ ಕೊರಡಿಗೋ ದಾರದಿಂದ ಕಟ್ಟಬೇಕು. ಅಮೆಜಾನ್ ಸ್ವೋರ್ಡ್ ಒಂದಕ್ಕಿಂತ ಹೆಚ್ಚು ಈ ಅಳತೆಯ ತೊಟ್ಟಿಗೆ ಬೇಡ. ಅಂಗೈಯಗಲದ ಸಸಿಯಾಗಿ ಬಂದದ್ದು ಬೆಳೆದು ತೊಟ್ಟಿಯ ಎತ್ತರವನ್ನೆಲ್ಲ ಆಕ್ರಮಿಸುತ್ತದೆ, ಬೇರಿನ ಬಳಿ ಗೊಬ್ಬರವನ್ನೂ ಕೇಳುತ್ತದೆ.

ನಡುವಿನ ಭಾಗಕ್ಕೆ ಕ್ರಿಪ್ಟೊಕೊರೈನ್‌ಗಳಿಗಿಂತ ಒಳ್ಳೆಯ ಗಿಡ ನನಗೆ ತಿಳಿದಿಲ್ಲ. ಹಸಿರು, ಕಂದು, ತಾಮ್ರದ ಛಾಯೆಗಳಲ್ಲಿ ಬರುವ ಇವುಗಳಿಗೆ ಹೆಚ್ಚು ಬೆಳಕು ಬೇಡ. ಆದರೆ ನೆಟ್ಟ ಮೊದಲ ಒಂದೆರಡು ವಾರಗಳಲ್ಲಿ ಇವು ಯಜಮಾನನ ತಾಳ್ಮೆಯನ್ನು ಪರೀಕ್ಷಿಸುತ್ತವೆ. ಮೊದಲು ಎಲೆಯ ಮೇಲೆ ಗಾಜಿನಂತೆ ಪಾರದರ್ಶಕವಾದ ಮಚ್ಚೆ ಕಾಣಿಸುತ್ತದೆ, ಅದು ಹರಡುತ್ತದೆ, ಎಲೆ ಮುಟ್ಟಿದರೆ ಲೋಳೆಯಾಗಿ ಕೈಗೆ ಬರುತ್ತದೆ. ಕೆಲವೊಮ್ಮೆ ಇಡೀ ಗಿಡವೇ ಹೀಗೆ ಕರಗಿ ಮರಳಿನ ಮೇಲೆ ಮೋಟು ಮಾತ್ರ ಉಳಿಯುತ್ತದೆ. ಕಿತ್ತು ಎಸೆಯಬಾರದು. ನೀರು, ಬೆಳಕು ಬದಲಾದುದಕ್ಕೆ ಗಿಡ ಹಳೆಯ ಎಲೆಗಳನ್ನು ಬಿಟ್ಟುಕೊಟ್ಟಿದೆ, ಬೇರು ಜೀವಂತವಾಗಿದೆ. ಲೋಳೆಯನ್ನು ತೆಗೆದುಹಾಕಿ ಬುಡವನ್ನು ಅಲುಗಿಸದೆ ಬಿಟ್ಟರೆ ಕೆಲವು ವಾರಗಳಲ್ಲಿ ಹೊಸ ಎಲೆಗಳು ಮೂಡುತ್ತವೆ. ನರ್ಸರಿಗಳಲ್ಲಿ ಬಹಳಷ್ಟು ಜಲಸಸ್ಯಗಳನ್ನು ಬೇರು ಮಾತ್ರ ತೇವದಲ್ಲಿರುವಂತೆ, ಎಲೆಗಳು ಗಾಳಿಯಲ್ಲಿರುವಂತೆ ಬೆಳೆಸುತ್ತಾರೆ. ಅಂಥ ಗಿಡ ತೊಟ್ಟಿಗೆ ಬಂದಾಗ ಗಾಳಿಯ ಎಲೆ ಉದುರಿ ನೀರಿನ ಎಲೆ ಬರುವುದು ಸಹಜವಾದ ಕ್ರಮ, ಎರಡರ ಆಕಾರವೂ ಕೆಲವೊಮ್ಮೆ ಬೇರೆಯೇ ಆಗಿರುತ್ತದೆ.

ಜಲಸಸ್ಯವೇ ಅಲ್ಲದ ಗಿಡಗಳನ್ನು ಜಲಸಸ್ಯಗಳ ಸಾಲಿನಲ್ಲಿ ಮಾರುವುದು ಮಾತ್ರ ನನಗೆ ಸಹಿಸಲಾಗದ ಸಂಗತಿ. ಲಕ್ಕಿ ಬ್ಯಾಂಬೂ ಎಂದು ಕರೆಯುವ ಡ್ರಸೀನ, ಹುಲ್ಲಿನಂತೆ ಕಾಣುವ ಮೊಂಡೊ ಗ್ರಾಸ್, ಇವೆರಡೂ ನೆಲದ ಗಿಡಗಳು. ಪೂರ್ತಿ ಮುಳುಗಿಸಿದರೆ ಕೆಲವು ವಾರ ಹಸಿರಾಗಿಯೇ ಇದ್ದು, ಆಮೇಲೆ ಕೊಳೆತು ನೀರಿಗೆ ಅಮೋನಿಯಾ ಸೇರಿಸುತ್ತವೆ. ನೀರಿನಿಂದ ಹೊರತೆಗೆದ ಮೇಲೂ ನೆಟ್ಟಗೆ, ಸೆಟೆದು ನಿಲ್ಲುವ ಎಲೆಯುಳ್ಳ ಗಿಡವನ್ನು ಕಂಡರೆ ಒಮ್ಮೆ ಅನುಮಾನಿಸುವುದು ಒಳ್ಳೆಯದು. ಅನೂಬಿಯಸ್‌ನಂಥ ಅಪವಾದಗಳೂ ಉಂಟು.

ಕಡುಗೆಂಪು ಗಿಡಗಳನ್ನೂ ತಳಕ್ಕೆ ಹಾಸಿದಂತೆ ಹಬ್ಬುವ ಪುಟ್ಟ ಎಲೆಯ ಗಿಡಗಳನ್ನೂ ಮೊದಲ ತೊಟ್ಟಿಯಲ್ಲಿ ಕೈಬಿಡಿ ಎನ್ನುತ್ತೇನೆ. ಜಪಾನಿನ ತಕಾಶಿ ಅಮಾನೊ ರೂಪಿಸಿದ ನೀರೊಳಗಿನ ತೋಟಗಳ ಚಿತ್ರಗಳನ್ನು ನೋಡಿ ಮರುಳಾಗದವರಿಲ್ಲ. ಆದರೆ ಅಂಥ ತೋಟದ ಹಿಂದೆ ಪ್ರಖರ ಬೆಳಕು, ಸಿಲಿಂಡರಿನಿಂದ ಅಳೆದು ಹರಿಸುವ ಇಂಗಾಲದ ಡೈಆಕ್ಸೈಡ್, ವಾರವಾರದ ಕತ್ತರಿ ಕೆಲಸ ಇವೆಲ್ಲ ಇರುತ್ತವೆ. ಅನಿಲದ ಪ್ರಮಾಣ ಲೀಟರಿಗೆ 30 ಮಿಲಿಗ್ರಾಂ ಮೀರಿ ಬಹಳ ಮುಂದೆ ಹೋದರೆ ಮೀನು ಮೇಲೆ ಬಂದು ಬಾಯಿ ಬಿಡತೊಡಗುತ್ತದೆ. ಸಾಧಾರಣ ಎಲ್‌ಇಡಿ ಬೆಳಕನ್ನು ದಿನಕ್ಕೆ ಆರರಿಂದ ಎಂಟು ಗಂಟೆ, ಟೈಮರ್ ಹಾಕಿ ಕೊಟ್ಟರೆ, ನಾನು ಮೇಲೆ ಹೆಸರಿಸಿದ ಗಿಡಗಳಿಗೆ ಸಾಕು. ಗಿಡ ಬೆಳೆಯುತ್ತಿಲ್ಲವೆಂದು ಬೆಳಕನ್ನು ಹನ್ನೆರಡು ಗಂಟೆಗೆ ಏರಿಸಿದರೆ ಬೆಳೆಯುವುದು ಪಾಚಿ.

ಗಿಡಗಳನ್ನು ಒಂದೊಂದಾಗಿ ತರುವುದಕ್ಕಿಂತ ಮೊದಲ ದಿನವೇ ತಳದ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚುವಷ್ಟು ನೆಡುವುದು ಮೇಲು. ಆಮೇಲೆ ಮೀನಿಲ್ಲದೆ ಕಾಯಬೇಕು. ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಲೀಟರಿಗೆ ಎರಡು ಮಿಲಿಗ್ರಾಂನಷ್ಟು ಅಮೋನಿಯಾ ಸೇರಿಸಿ, ಒಂದು ದಿನದೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುತ್ತವೆಯೇ ಎಂದು ಟೆಸ್ಟ್ ಕಿಟ್‌ನಲ್ಲಿ ನೋಡುವುದು ನಂಬಬಹುದಾದ ಪರೀಕ್ಷೆ. ಇಲ್ಲಿಯೂ ನೀರಿನ ಗುಣ ಕೈಯಾಡಿಸುತ್ತದೆ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಶೇಕಡಾ ಒಂದಕ್ಕಿಂತ ಕಡಿಮೆ ಭಾಗ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇಕಡಾ ಐದರ ಆಸುಪಾಸಿಗೆ ಏರುತ್ತದೆ. ಟೆಸ್ಟ್ ಕಿಟ್‌ನ ಒಂದೇ ಬಣ್ಣ ಒಬ್ಬರ ತೊಟ್ಟಿಯಲ್ಲಿ ಎಚ್ಚರಿಕೆಯಾದರೆ ಇನ್ನೊಬ್ಬರ ತೊಟ್ಟಿಯಲ್ಲಿ ಸಾವಾಗಬಹುದು. ಕಾಯುವ ಈ ವಾರಗಳಲ್ಲಿ ಗಾಜಿನ ಮೇಲೆ ಕಂದು ಪುಡಿಯಂಥ ಡಯಾಟಮ್ ಪಾಚಿ ಕಟ್ಟಿಕೊಂಡರೆ ಗಾಬರಿಯಾಗಿ ಪಾಚಿ ತಿನ್ನುವ ಮೀನಿಗೆ ಓಡಬೇಕಾಗಿಲ್ಲ. ತೊಟ್ಟಿ ಪಕ್ವವಾದಂತೆ ಅದು ಸಾಮಾನ್ಯವಾಗಿ ತಾನೇ ಹಿಂಜರಿಯುತ್ತದೆ.

ಈಗ ಮೀನು. ಒಂದು ಗ್ಯಾಲನ್ ನೀರಿಗೆ ಒಂದು ಇಂಚು ಮೀನು ಎಂಬ ಹಳೆಯ ಸೂತ್ರ ಎಲ್ಲೆಡೆ ಓಡಾಡುತ್ತಿದೆ. ಅದರ ದೋಷ ಗಣಿತದಲ್ಲೇ ಇದೆ. ಮೀನಿನ ಉದ್ದ ಮೂರು ಪಟ್ಟಾದರೆ ಅದರ ದೇಹದ ಗಾತ್ರ ಮೂರು ಪಟ್ಟಾಗುವುದಿಲ್ಲ, ಹೆಚ್ಚುಕಡಿಮೆ ಇಪ್ಪತ್ತೇಳು ಪಟ್ಟಾಗುತ್ತದೆ. ತಿನ್ನುವುದೂ ಹೊಲಸು ಮಾಡುವುದೂ ಉದ್ದಕ್ಕಿಂತ ಬಹಳ ವೇಗವಾಗಿ ಏರುತ್ತದೆ. ಐದು ಸೆಂಟಿಮೀಟರಿನ ಮೂರು ರಾಸ್ಬೋರಗಳು ಹದಿನೈದು ಸೆಂಟಿಮೀಟರಿನ ಒಂದು ಮೀನಿಗೆ ಸಮವಲ್ಲ. ಸೂತ್ರವನ್ನು ಬಿಟ್ಟು, ಪ್ರತಿ ಮೀನಿನ ಬಗ್ಗೆಯೂ ಪೂರ್ಣ ಬೆಳೆದಾಗಿನ ಉದ್ದ, ಗುಂಪಿನ ಅಗತ್ಯ, ನೀರಿನ ಯಾವ ಮಟ್ಟದಲ್ಲಿ ಓಡಾಡುತ್ತದೆ ಎಂಬುದನ್ನು ತಿಳಿದುಕೊಂಡರೆ ಸಾಕು.

ಅಂಗಡಿಯ ಮೀನುಗಳಲ್ಲಿ ಬಹುಪಾಲು ಮರಿಗಳೇ ಎಂಬುದನ್ನು ಮರೆಯಬಾರದು. ಬೆರಳುದ್ದ ಇರುವಾಗ ಮುದ್ದಾಗಿ ಗಾಜಿಗೆ ಅಂಟಿಕೊಳ್ಳುವ ಸಾಮಾನ್ಯ ಪ್ಲೆಕೊ 40 ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ಬಾಲಾ ಶಾರ್ಕ್ 30 ದಾಟುತ್ತದೆ. ಶಾರ್ಕ್ ಎಂದೇ ಮಾರುವ ಪಂಗಾಸಿಯಸ್ ಮೀಟರಿನಷ್ಟು ಬೆಳೆಯಬಲ್ಲ ನದಿಯ ಮೀನು. ತೊಟ್ಟಿಗೆ ತಕ್ಕಷ್ಟೇ ಮೀನು ಬೆಳೆಯುತ್ತದೆ ಎಂಬ ನಂಬಿಕೆಯನ್ನು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದು ಲೇಸು. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾದ ಮೀನು ಆರೋಗ್ಯವಂತ ಪುಟ್ಟ ಮೀನಲ್ಲ. ಗಾಜು ಸ್ವಚ್ಛವಾಗಲೆಂದು ಮೀನು ತರುವ ಆಲೋಚನೆಯೇ ನನಗೆ ಹಿಡಿಸದು. ಮೀನು ತಿನ್ನುವ ಪಾಚಿಗಿಂತ ಅದು ಮಾಡುವ ಹಿಕ್ಕೆ ಹೆಚ್ಚು.

ಏಂಜಲ್ ಮೀನಿನ ವಿಷಯದಲ್ಲಿ ನನ್ನ ಮನಸ್ಸು ಅಷ್ಟು ಕಠಿಣವಲ್ಲ. ಎತ್ತರದ ದೇಹದ ಆ ಸುಂದರ ಸಿಕ್ಲಿಡ್ ಈ ಗಾತ್ರದ ತೊಟ್ಟಿಯಲ್ಲಿ ಜೋಡಿಯಾಗಿ ಚೆನ್ನಾಗಿಯೇ ಬಾಳುತ್ತದೆ, ಆದರೆ ಆಗ ಇಡೀ ತೊಟ್ಟಿ ಅದರದ್ದೇ ಆಗಬೇಕು. ನಿಯಾನ್ ಟೆಟ್ರಾಗಳ ಜೊತೆಗೆ ಬಿಟ್ಟರೆ, ಏಂಜಲ್ ಬೆಳೆದಂತೆ ನಿಯಾನ್‌ಗಳ ಎಣಿಕೆ ರಾತ್ರೋರಾತ್ರಿ ಇಳಿಯತೊಡಗುತ್ತದೆ. ಟೈಗರ್ ಬಾರ್ಬ್ ತನ್ನವರ ದೊಡ್ಡ ಗುಂಪಿನಲ್ಲಿ ಉತ್ಸಾಹಿ, ಉದ್ದ ರೆಕ್ಕೆಯ ಮೀನುಗಳ ಪಾಲಿಗೆ ಮಾತ್ರ ಪೀಡೆ. ಗಪ್ಪಿಗಳನ್ನು ಆರಿಸುವವರು, ಹೆಣ್ಣು ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲದು ಎಂಬುದನ್ನು ತಿಳಿದೇ ಆರಿಸಬೇಕು. ಗಂಡುಗಳನ್ನಷ್ಟೇ ಇಡುವುದು ಇದಕ್ಕೆ ಸರಳ ಪರಿಹಾರ. ಪಶ್ಚಿಮ ಘಟ್ಟದ ಹೊಳೆಗಳದ್ದೇ ಆದ, ಕೆಂಪು ಗೆರೆಯ ಡೆನಿಸನ್ ಬಾರ್ಬ್‌ಗೆ ಮನಸೋಲದವರಿಲ್ಲ. ಆದರೆ ಅದು 15 ಸೆಂಟಿಮೀಟರಿನವರೆಗೆ ಬೆಳೆದು ಗುಂಪಾಗಿ ವೇಗವಾಗಿ ಈಜುವ ಮೀನು, ಕಾಡಿನಲ್ಲಿ ಅಳಿವಿನಂಚಿನಲ್ಲಿದೆ ಕೂಡ. 90 ಸೆಂಟಿಮೀಟರಿನ ತೊಟ್ಟಿ ಅದಕ್ಕೆ ಓಣಿಯಿದ್ದಂತೆ.

ಮೃದುವಾದ ಅಥವಾ ನಡುಮಟ್ಟದ ನೀರಿದ್ದರೆ ನಾನು ಆರಿಸುವುದು ಹಾರ್ಲೆಕ್ವಿನ್ ರಾಸ್ಬೋರವನ್ನು. ಮಲಯ ಪರ್ಯಾಯ ದ್ವೀಪ, ಸುಮಾತ್ರಾಗಳ ಕಾಡುತೊರೆಗಳ ಈ ಮೀನು ಐದು ಸೆಂಟಿಮೀಟರ್ ಮೀರುವುದಿಲ್ಲ. ತಾಮ್ರದ ಬಣ್ಣದ ಮೈಯ ಹಿಂಭಾಗದಲ್ಲಿ ಕಪ್ಪು ತ್ರಿಕೋನ. ನಿಯಾನ್‌ಗಿಂತ ಗಟ್ಟಿ, ನೀರಿನ ಸಣ್ಣಪುಟ್ಟ ವ್ಯತ್ಯಾಸವನ್ನು ತಾಳಿಕೊಳ್ಳುತ್ತದೆ. ಅಗಲವಾದ ಎಲೆಯ ಅಡಿಭಾಗಕ್ಕೆ ಮೊಟ್ಟೆ ಅಂಟಿಸುವುದು ಅದರ ಅಭ್ಯಾಸ, ಅದರ ತವರಿನಲ್ಲಿ ಕ್ರಿಪ್ಟೊಕೊರೈನ್‌ಗಳೂ ಬೆಳೆಯುತ್ತವೆ. ಗಿಡವನ್ನು ಮೊದಲು ಆರಿಸಿ ಮೀನನ್ನು ಆಮೇಲೆ ಆರಿಸಿದಾಗ ಸಿಗುವ ಲಾಭ ಇಂಥದ್ದು. ಹೆಣ್ಣು ಎಲೆಯಡಿಗೆ ಬೆನ್ನು ಕೆಳಗಾಗಿ ತಿರುಗಿ ಹೊಟ್ಟೆಯನ್ನು ಎಲೆಗೆ ಉಜ್ಜುವಾಗ ಗಂಡು ಅದನ್ನು ಬಳಸಿ ನಿಲ್ಲುವುದನ್ನು ಪ್ಲಾಸ್ಟಿಕ್ ಗಿಡಗಳ ನಡುವೆ ಕಾಣುವುದು ಅಪರೂಪ.

ಆರು ಮೀನು ತಂದರೆ ಗುಂಪು ಎನ್ನುವ ಮಾತು ರೂಢಿಯಲ್ಲಿದೆ. ಆರು ಎಂಬುದು ಕನಿಷ್ಠ ಮಾತ್ರ. ಹದಿನೈದು ರಾಸ್ಬೋರಗಳಿದ್ದಾಗ ಅವುಗಳ ನಡತೆಯೇ ಬೇರೆ: ಹೆದರಿ ಮೂಲೆ ಸೇರುವುದು ಕಡಿಮೆಯಾಗುತ್ತದೆ, ಗಂಡುಗಳು ಪರಸ್ಪರ ಸೆಡ್ಡು ಹೊಡೆಯುತ್ತಾ ಬಣ್ಣವನ್ನು ಗಾಢವಾಗಿಸಿಕೊಳ್ಳುತ್ತವೆ. ಐದು ಜಾತಿಯ ಮೂರು ಮೂರು ಮೀನುಗಳಿಗಿಂತ ಒಂದೇ ಜಾತಿಯ ಹದಿನೈದು ಮೀನು ನೋಡುವವರಿಗೂ ಹಿತ, ಮೀನಿಗೂ ಹಿತ. ಇದನ್ನು ಒಪ್ಪಿಸುವುದು ಮಾತ್ರ ಕಷ್ಟ. ಅಂಗಡಿಯಲ್ಲಿ ನಿಂತಾಗ ಕಣ್ಣು ಕೇಳುವುದು ವೈವಿಧ್ಯವನ್ನೇ.

ತಳಕ್ಕೆ ಕೊರಿಡೋರಾಸ್ ಎಂಬ ಮೀಸೆಯ ಪುಟ್ಟ ಮೀನುಗಳು. ನೀರು ಬೆಚ್ಚಗಿರುವ ತೊಟ್ಟಿಗೆ ಅವುಗಳಲ್ಲಿ ಸ್ಟರ್ಬಾಯ್ ಜಾತಿ ತಕ್ಕದ್ದು, ತಂಪಾಗಿದ್ದರೆ ಪ್ಯಾಲಿಯಾಟಸ್. ಎಂಟರಷ್ಟಾದರೂ ಇರಲಿ, ತಳ ನುಣುಪಾದ ಮರಳಿನದ್ದಾಗಿರಲಿ. ಊಟದ ಹೊತ್ತಿನಲ್ಲಿ ತೊಟ್ಟಿಯ ಮುಂದೆ ಕುಳಿತರೆ ಕಾರಣ ತಿಳಿಯುತ್ತದೆ. ಮೀಸೆಗಳಿಂದ ತಡಕಾಡುತ್ತಾ ಮೂತಿಯನ್ನು ಕಣ್ಣಿನವರೆಗೂ ಮರಳಿಗೆ ತುರುಕಿ, ಬಾಯ್ತುಂಬ ಮರಳು ತೆಗೆದುಕೊಂಡು, ತಿನ್ನುವುದನ್ನು ಒಳಗಿಟ್ಟು ಉಳಿದದ್ದನ್ನು ಕಿವಿರಿನಿಂದ ಹೊರಗೆ ಸುರಿಸುತ್ತದೆ. ಚೂಪು ಜಲ್ಲಿಯ ಮೇಲೆ ಈ ಕೆಲಸ ನಡೆಯದು. ನಡುನಡುವೆ ಬಾಣದಂತೆ ಮೇಲಕ್ಕೆ ನುಗ್ಗಿ ಗಾಳಿ ನುಂಗಿ ಮತ್ತೆ ತಳಕ್ಕೆ ಬರುವುದು ಅದರ ಸ್ವಭಾವವೇ. ಕರುಳಿನ ಮೂಲಕ ಗಾಳಿಯಿಂದ ಆಮ್ಲಜನಕ ಪಡೆಯುವ ಶಕ್ತಿ ಅದಕ್ಕಿದೆ. ಎಲ್ಲವೂ ಪದೇ ಪದೇ ಹಾಗೆ ಮಾಡತೊಡಗಿದರೆ ಮಾತ್ರ ನೀರನ್ನು ಪರೀಕ್ಷಿಸಬೇಕು. ತಳಕ್ಕೆ ಬಿದ್ದ ಎಂಜಲಷ್ಟೇ ಇದಕ್ಕೆ ಸಾಕು ಎಂದುಕೊಳ್ಳದೆ, ಮುಳುಗುವ ಆಹಾರವನ್ನು ಪ್ರತ್ಯೇಕವಾಗಿ ಹಾಕಬೇಕು.

ಮೇಲ್ಮಟ್ಟಕ್ಕೆ ಹನಿ ಗೌರಾಮಿ, ಒಂದು ಗಂಡು, ಎರಡು ಹೆಣ್ಣು. ಗಂಗಾ–ಬ್ರಹ್ಮಪುತ್ರ ಬಯಲಿನ ನಿಧಾನ ನೀರಿನ ಮೀನು ಇದು, ಗಾಳಿಯನ್ನೂ ಉಸಿರಾಡಬಲ್ಲದು. ಕೂಡುವ ಕಾಲಕ್ಕೆ ಗಂಡಿನ ಮೈ ಜೇನಿನ ಬಣ್ಣಕ್ಕೆ ತಿರುಗಿ, ಗಂಟಲಿನಿಂದ ಹೊಟ್ಟೆಯವರೆಗೆ ಕಡುನೀಲಿ ಬಳಿದಂತಾಗುತ್ತದೆ. ನೊರೆಯ ಗೂಡು ಕಟ್ಟುವ ಮೀನಾದ್ದರಿಂದ ಫಿಲ್ಟರಿನ ನೀರು ಮೇಲ್ಮೈಯನ್ನೆಲ್ಲ ಕಲಕದಂತೆ ಒಂದು ಮೂಲೆಯನ್ನಾದರೂ ಶಾಂತವಾಗಿ ಬಿಡಬೇಕು, ಅಲ್ಲಿ ಒಂದಿಷ್ಟು ತೇಲುಗಿಡವೂ ಇರಬೇಕು. ತೇಲುಗಿಡ ಎಂದಾಗ ಒಂದು ಮಾತು ಹೇಳಲೇಬೇಕು: ಅಂತರಗಂಗೆಯಾಗಲಿ ಸಾಲ್ವೀನಿಯವಾಗಲಿ ಬೆಳೆದು ಹೆಚ್ಚಾದದ್ದನ್ನು ಒಣಗಿಸಿ ಗೊಬ್ಬರಕ್ಕೆ ಹಾಕಬೇಕೇ ಹೊರತು ಕೆರೆಗೆ, ಚರಂಡಿಗೆ ಎಸೆಯಬಾರದು. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾಕ್ಕೆ ಹೋದ ಹೈಡ್ರಿಲ್ಲ ಎಂಬ ಜಲಸಸ್ಯ ಅಲ್ಲಿನ ಕೆರೆ ಕಾಲುವೆಗಳನ್ನು ಇಂದಿಗೂ ಕಟ್ಟಿಹಾಕುತ್ತಿದೆ. ಪ್ಲೆಕೊಗಳೂ ಹೀಗೆಯೇ ಹಲವು ದೇಶಗಳ ನೀರಿಗೆ ಸೇರಿ ಬೀಡುಬಿಟ್ಟಿವೆ.

ಕೊಳ್ಳುವಾಗ ಒಂದು ಮೀನನ್ನು ನೋಡದೆ ಅದು ಇರುವ ಇಡೀ ತೊಟ್ಟಿಯನ್ನು ನೋಡುವುದು ನನ್ನ ಪದ್ಧತಿ. ರೆಕ್ಕೆ ಮುದುಡಿಕೊಂಡವು, ಕಲ್ಲಿಗೆ ಮೈ ಉಜ್ಜುವವು, ಉಪ್ಪಿನ ಕಣದಂಥ ಬಿಳಿ ಚುಕ್ಕೆಯವು, ಹೊಟ್ಟೆ ಒಳಗೆ ಹೋದವು, ಇಂಥದ್ದು ಒಂದೇ ಇದ್ದರೂ ಆ ತೊಟ್ಟಿಯ ಯಾವ ಮೀನೂ ಬೇಡ. ತಂದದ್ದನ್ನು ಬೇರೆ ಚಿಕ್ಕ ತೊಟ್ಟಿಯಲ್ಲಿ ಎರಡು ಮೂರು ವಾರ ಇಟ್ಟು ಗಮನಿಸಿ ಆಮೇಲೆ ಸೇರಿಸಬೇಕು. ಇದು ಬೇಸರದ ಕೆಲಸವೆಂದು ಬಿಡುವವರೇ ಹೆಚ್ಚು.

ಸೇರಿಸುವ ಕ್ರಮದಲ್ಲಿ ರಾಸ್ಬೋರಗಳ ಅರ್ಧ ಗುಂಪು ಮೊದಲು. ಎರಡು ವಾರ ಅಮೋನಿಯಾ, ನೈಟ್ರೈಟ್ ಸೊನ್ನೆಯಲ್ಲೇ ನಿಂತರೆ ಉಳಿದರ್ಧ. ಅವು ನೆಲೆಗೊಂಡು, ಮರಳಿನಲ್ಲಿ ಜೀವಾಣುಗಳೂ ಸೂಕ್ಷ್ಮಜೀವಿಗಳೂ ತುಂಬಿಕೊಂಡ ಮೇಲೆ ಕೊರಿಡೋರಾಸ್. ಹನಿ ಗೌರಾಮಿ ಎಲ್ಲಕ್ಕಿಂತ ಕೊನೆಗೆ ಬರಲಿ. ಅದು ಅಂಜುವ ಮೀನು, ರಾಸ್ಬೋರಗಳು ಬಯಲಲ್ಲಿ ಧೈರ್ಯವಾಗಿ ಓಡಾಡುತ್ತಿರುವುದನ್ನು ಕಂಡರೆ ಬೇಗ ಮರೆಯಿಂದ ಹೊರಬರುತ್ತದೆ. ಅಷ್ಟಾದ ಮೇಲೆ ತೊಟ್ಟಿಯ ನಡುಭಾಗ ಕೊಂಚ ಖಾಲಿ ಕಾಣಬಹುದು, ಇನ್ನೊಂದು ಜಾತಿಗೆ ಜಾಗವಿದೆ ಎಂದು ಮನಸ್ಸು ಎಳೆಯಬಹುದು. ಮೂರು ನಾಲ್ಕು ತಿಂಗಳು ಕಳೆದು, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತಿದ್ದು, ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗೇ ಉಳಿದಿದ್ದರೆ, ಆ ಜಾಗಕ್ಕೆ ನಾನು ತರುವುದು ಇನ್ನೈದು ರಾಸ್ಬೋರಗಳನ್ನು.